ಕಲ್ಲೇಶನ ಜೀಪು ಬರಲಿಲ್ಲ

ಊರಿನ ಜೀಪುಗಳೆಲ್ಲ ಬಂದವು. ಕಲ್ಲೇಶನ ಜೀಪು ಮಾತ್ರ ಬರಲಿಲ್ಲ.

ಗುಲಾಮ್ ಮುಸ್ತಫಾ ಗ್ಯಾರೇಜಿನ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದ. ದೇವರಮನೆ ಗುಡ್ಡದ ಕಡೆಗೆ ಹತ್ತುವ, ಗ್ಯಾರೇಜಿನೆದುರಿನ ತಿರುವಿನ ಕಂಬಕ್ಕೆ ಸರ್ವೆಯವರು ಬೆಳಿಗ್ಗೆಯೇ ಕ್ಯಾಮೆರಾ ಕಟ್ಟಿ ಹೋಗಿದ್ದರು. ಮೇಲಿನ ಗುಡ್ಡದಲ್ಲಿ ದೊಡ್ಡ ರೆಸಾರ್ಟು ಬರಲಿದೆಯಂತೆ. ಅದರ ಗಾಡಿಗಳನ್ನು ಈ ರಸ್ತೆ ತಾಳೀತೇ ಎಂದು ನೋಡುವ ಸರ್ವೆ. ರೆಸಾರ್ಟಿನವರಿಗೆ ಅವರದೇ ಗಾಡಿ, ಅವರದೇ ಮೆಕ್ಯಾನಿಕ್. ಅದು ಬಂತೆಂದರೆ ಊರಿನ ಜೀಪಿನವರು ಕೈಕಟ್ಟಿ ಕೂರಬೇಕು, ಅಪ್ಪ ಕಟ್ಟಿದ ಗ್ಯಾರೇಜಿಗೆ ಮುಸ್ತಫಾ ಬೀಗ ಜಡಿಯಬೇಕು.

ಇದನ್ನು ತಪ್ಪಿಸುವ ಉಪಾಯ ಹೇಳಿಕೊಟ್ಟವರು ಕಾಫಿ ಎಸ್ಟೇಟಿನ ಮಾಲೀಕ ಬೆಳ್ಳಿಯಪ್ಪ. ರಂಜಾನಿನ ಪಾಯಸವನ್ನು ಮುಸ್ತಫಾನ ಹೆಂಡತಿ ಮರಿಯಂ ಮೊದಲು ಕಳಿಸುತ್ತಿದ್ದುದೇ ಅವರ ಮನೆಗೆ, ಅಷ್ಟು ಬಳಕೆ. ಸರ್ವೆ ಯಾವ ದಿನ ಎಂಬುದನ್ನೂ ಅವರೇ ಪತ್ತೆ ಮಾಡಿ ತಂದಿದ್ದರು.

"ಅವತ್ತು ರಸ್ತೆ ತುಂಬಿಸಿಬಿಡಿ ಮಾರಾಯ. ಈಗ್ಲೇ ಕಾಲಿಡಕ್ಕೆ ಜಾಗ ಇಲ್ಲ ಅಂದ್ಮೇಲೆ ರೆಸಾರ್ಟಿಗೆ ಯಾರು ಪರ್ಮಿಷನ್ ಕೊಡ್ತಾರೆ? ಲಾರಿನೂ ಬರ್ಲಿ. ನಿನ್ನ ಗ್ಯಾರೇಜಿನ ಎದುರೇ ಸಿಕ್ಕಾಕ್ಕೊಂಡು ನಿಲ್ಲಲಿ. ಡೀಸೆಲ್ ನಂದು."

ಆಳುಗಳು ಎರಡನೇ ಲೋಟ ಚಾ ಕೇಳಿದರೆ ಮುಖ ಸಿಂಡರಿಸುವ ಆಸಾಮಿ, ಊರಿಗೆಲ್ಲ ಡೀಸೆಲ್ ಹಾಕಿಸುತ್ತಾರೆಂದರೆ! ಮುಸ್ತಫಾನ ಕಣ್ಣು ತುಂಬಿ ಬಂದಿತ್ತು.

ಜೀಪುಗಳು ಪೊಗದಸ್ತಾಗಿ ನಾಟಕ ಆಡಿದವು. ಟಾರ್ಪಾಲು ಹೊದ್ದು ಹತ್ತಿದ ಜೀಪು ಟಾರ್ಪಾಲು ಕಳಚಿ ಇಳಿಯಿತು. ಕಾಫಿ ಹಣ್ಣು ಕೊಯ್ಯುವ ಹೆಂಗಸರು ಅದೇ ತೋಟಕ್ಕೆ ಮತ್ತೆ ಮತ್ತೆ ಹೋಗಿ ಬಂದು, "ಇವತ್ತು ಹಣ್ಣು ಕೊಯ್ಯೋದೇ ಇಲ್ವಾ?" ಎಂದು ಬಿದ್ದು ಬಿದ್ದು ನಕ್ಕರು. ಗೊಬ್ಬರದ ಲಾರಿಯೊಂದು ಗ್ಯಾರೇಜಿನ ಎದುರು ಅಡ್ಡಡ್ಡ ನಿಂತಿತು. ಹಿಂದಿನವರ ಹಾರ್ನಿಗೆ ಕಿವಿ ಕಿತ್ತುಹೋಗುವಂತಾಯಿತು. ಕ್ಯಾಮೆರಾ ಎಲ್ಲವನ್ನೂ ನೋಡಿಕೊಂಡಿತು.

ಕಲ್ಲೇಶ ಸ್ಪ್ಯಾನರ್ ಹಿಡಿಯಲು ಕಲಿತದ್ದೇ ಈ ಗ್ಯಾರೇಜಿನಲ್ಲಿ. ಅವನ ಹಳೇ ಜೀಪಿಗೆ ಮುಸ್ತಫಾ ತನ್ನ ಕೈಯಾರೆ ಜೀವ ತುಂಬಿದ್ದ. ಅಂಥವನು ಹಿಂದಿನ ವಾರ ಮೂಡಿಗೆರೆಯ ಹೋಟೆಲಿನಲ್ಲಿ ಸರ್ವೆಯ ಇಂಜಿನಿಯರಮ್ಮನ ಜೊತೆ ಚಾ ಕುಡಿಯುತ್ತಿದ್ದನೆಂದು ಬೆಳ್ಳಿಯಪ್ಪನೇ ಕಣ್ಣಾರೆ ಕಂಡು ಬಂದು ಹೇಳಿದ್ದರು.

ಮಧ್ಯಾಹ್ನ ಕಲ್ಲೇಶ ಬಂದ. ಜೀಪಿಲ್ಲದೆ, ನಡೆದುಕೊಂಡು.

"ಭಾಯ್, ನಿಲ್ಸಿ ಇದನ್ನ. ದಿನಾ ಓಡೋ ಗಾಡಿ ಅಷ್ಟೇ ಓಡ್ಲಿ. ಆ ಮೇಡಂ ಏನ್ ಹೇಳಿದ್ರು ಅಂದ್ರೆ..."

"ಮೇಡಂ ಕುಡಿಸಿದ ಚಾ ಅಷ್ಟೊಂದು ರುಚಿಯಾಗಿತ್ತೇನೋ?"

ಕಲ್ಲೇಶನ ಮುಖ ಕಪ್ಪಿಟ್ಟಿತು. "ಒಂದ್ ಮಾತು ಕೇಳಿ ಭಾಯ್."

"ನಿನ್ನ ಜೀಪು ಇನ್ಮೇಲೆ ಇಲ್ಲಿಗೆ ಬರೋದು ಬೇಡ. ನೀನೂ ಬರೋದು ಬೇಡ."

ಹೇಳಿ ಮುಸ್ತಫಾ ಬೆನ್ನು ತಿರುಗಿಸಿ ಗ್ಯಾರೇಜಿನೊಳಗೆ ಹೋದ. ಮಗನ ಹಾಗೆ ನೋಡಿಕೊಂಡವನು ಬೆನ್ನಿಗೆ ಚೂರಿ ಹಾಕಿದನಲ್ಲ!

ಕೊಯ್ಲು ಮುಗಿದ ಮೇಲೆ ಸರ್ವೆಯ ವಿಚಾರವಾಗಿ ಪಂಚಾಯಿತಿ ಹಾಲಿನಲ್ಲಿ ಸಭೆ ಸೇರಿತು. ಮುಂದೆ ಒಂದು ಬದಿಗೆ ರೆಸಾರ್ಟಿನ ಪಾಲುದಾರರಿಗೆಂದು ಕುರ್ಚಿ ಸಾಲು ಹಾಕಿದ್ದರು. ಪೇಟೆಯ ಮುಖಗಳೇ ಕೂತಿದ್ದವು. ಒಂದು ಕುರ್ಚಿ ಮಾತ್ರ ಖಾಲಿ. ಇನ್ನೂ ಯಾವನೋ ದೊಡ್ಡ ಮನುಷ್ಯ ಘಾಟಿಯಲ್ಲಿ ವಾಂತಿ ಮಾಡಿಕೊಳ್ಳುತ್ತ ಬರುತ್ತಿರಬೇಕು ಎಂದುಕೊಂಡ ಮುಸ್ತಫಾ. ಬೆಳ್ಳಿಯಪ್ಪ ಅವನ ಪಕ್ಕದಲ್ಲೇ ಕೂತಿದ್ದರು. ಕಲ್ಲೇಶ ಹಿಂದೆ ಗೋಡೆಗೊರಗಿ ನಿಂತಿದ್ದ. ಯಾರೂ ಅವನಿಗೆ ಸರಿದು ಜಾಗ ಕೊಟ್ಟಿರಲಿಲ್ಲ.

ಸರ್ವೆಯ ಇಂಜಿನಿಯರ್ ಮೇಘಶ್ರೀ ಎದ್ದರು. "ಈ ರಸ್ತೇಲಿ ಈಗಿರೋ ಗಾಡಿಗಳೇ ಹಿಡಿಸ್ತಿಲ್ಲ. ಗ್ಯಾರೇಜಿನ ತಿರುವಲ್ಲಂತೂ ಲಾರಿ ನಿಂತ್ರೆ ಮುಗೀತು."

ಚಪ್ಪಾಳೆ ಬಿತ್ತು. ಮುಸ್ತಫಾ ಬೆಳ್ಳಿಯಪ್ಪನ ಕೈ ಹಿಡಿದು ಅದುಮಿದ.

"ಅದಕ್ಕೇ ರಸ್ತೆ ಅಗಲ ಮಾಡ್ಬೇಕು ಅಂತ ಬರೆದಿದ್ದೀವಿ. ಗ್ಯಾರೇಜಿನ ಜಾಗ ಪೂರ್ತಿ ಹೋಗುತ್ತೆ. ರಸ್ತೆ ಅಗಲ ಆಯ್ತು ಅಂದ್ರೆ ರೆಸಾರ್ಟಿಗೂ ಅಡ್ಡಿ ಇರಲ್ಲ. ಯಾರದ್ದಾದ್ರೂ ತಕರಾರು ಇದ್ರೆ ಈಗ್ಲೇ ಹೇಳಿ."

ಚಪ್ಪಾಳೆ ನಿಂತಿತು. ಮುಸ್ತಫಾ ಕೂತಲ್ಲಿಂದಲೇ ಕೇಳಿದ.

"ಗಾಡಿ ಕಮ್ಮಿ ಇದ್ದಿದ್ರೆ, ಮೇಡಂ?"

"ಅಗಲ ಮಾಡೋಕೆ ಸರ್ಕಾರ ಒಪ್ತಾನೇ ಇರ್ಲಿಲ್ಲ. ಇಷ್ಟು ಸಣ್ಣ ರಸ್ತೇಲಿ ರೆಸಾರ್ಟಿಗೆ ಪರ್ಮಿಷನ್ನೂ ಸಿಗ್ತಿರ್ಲಿಲ್ಲ. ಹಿಂದೆ ನಿಂತಿದ್ದಾರಲ್ಲ, ಅವರು ಮೂಡಿಗೆರೆಗೆ ಬಂದು ಕೇಳ್ದಾಗ್ಲೂ ಇದನ್ನೇ ಹೇಳಿದ್ದೆ."

ತಿರುಗಿ ಕಲ್ಲೇಶನ ಮುಖ ನೋಡುವ ಧೈರ್ಯ ಮುಸ್ತಫಾನಿಗೆ ಆಗಲಿಲ್ಲ. ನೆಲ ಬಾಯಿಬಿಡಬಾರದೇ ಎನ್ನಿಸಿತು. ಆದರೆ ಗ್ಯಾರೇಜು ಉಳಿಯಬೇಕಾದರೆ ಮಾನ ಬಿಟ್ಟು ಬಾಯಿ ಬಿಡಲೇಬೇಕು. ಎದ್ದು ನಿಂತ.

"ಅವತ್ತು ಓಡಿದ್ದೆಲ್ಲ ನಾಟಕ ಮೇಡಂ. ಅದೇ ಜೀಪು, ಅದೇ ಜನ. ನಾವೇ ಓಡ್ಸಿದ್ದು. ತಪ್ಪಾಯ್ತು."

ಸಭೆ ಗುಜುಗುಜು ಎಂದಿತು. ಇಂಜಿನಿಯರಮ್ಮ ನಂಬಲೋ ಬೇಡವೋ ಎಂಬಂತೆ ನೋಡಿದರು. ಮುಸ್ತಫಾ ಪಕ್ಕಕ್ಕೆ ಬಗ್ಗಿದ. "ಅಣ್ಣಾ, ನೀವೂ ಒಂದ್ ಮಾತು ಹೇಳಿ. ನೀವ್ ಹೇಳಿದ್ರೆ ನಂಬ್ತಾರೆ."

ಬೆಳ್ಳಿಯಪ್ಪ ಎದ್ದರು. ಸಭೆ ತಟ್ಟನೆ ಸುಮ್ಮನಾಯಿತು. ಅಬ್ಬ, ಗ್ಯಾರೇಜು ಉಳಿಯಿತು ಎಂದು ಮುಸ್ತಫಾ ಉಸಿರು ಬಿಟ್ಟ.

"ನಾಟಕ ಎಲ್ಲಿಂದ ಬಂತು ಮೇಡಂ? ದಿನಾ ಇದೇ ಗೋಳು. ಆ ತಿರುವು ದಾಟೋದ್ರಲ್ಲಿ ಸಾಕುಸಾಕಾಗುತ್ತೆ."

ಇಷ್ಟು ಹೇಳಿ ಬೆಳ್ಳಿಯಪ್ಪ ಪಂಚೆ ಸರಿಮಾಡಿಕೊಂಡು ಮುಂದೆ ನಡೆದರು; ಪಾಲುದಾರರ ಸಾಲಿನಲ್ಲಿ ಖಾಲಿಯಿದ್ದ ಆ ಕುರ್ಚಿಯಲ್ಲಿ ಕೂತರು.