ಸೋಸದೆ ಸುರಿದ ಎಣ್ಣೆ

ಅವತ್ತು ಅಪ್ಪ ಕೇಳಿದಾಗ ನಾನು ನಿಜ ಹೇಳಲಿಲ್ಲ. ಈಗಲೂ ಶಿವಾಜಿನಗರದಲ್ಲಿ ಮೀನು ಕರಿಯುವ ವಾಸನೆ ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತೇನೆ.

ಡೀಸೆಲ್ ದುಬಾರಿ ಅಂತ ಅಪ್ಪ ತನ್ನ ಲಗೇಜ್ ಆಟೋಗೆ ಕಬಾಬ್ ಅಂಗಡಿಗಳಲ್ಲಿ ಕರಿದುಳಿದ ಎಣ್ಣೆ ಬೆರೆಸುತ್ತಿದ್ದ. ಅಮ್ಮನ ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಅದನ್ನು ಸೋಸುವುದು ನನ್ನ, ಅಕ್ಕನ ಕೆಲಸ. ಆ ಮಧ್ಯಾಹ್ನ ಸರದಿ ನನ್ನದು. ಡಬ್ಬದಲ್ಲಿ ಲೋಳೆಯಾದ ಕೋಳಿ ಚರ್ಮ, ಮೀನಿನ ಮುಳ್ಳು, ಉಬ್ಬಿದ ಜಿರಳೆ. ಆ ಸೀರೆ ಹಿಂಡಬೇಕಲ್ಲ ಅಂತ ನೆನೆದೇ ವಾಕರಿಕೆ ಬಂತು. ದೊಡ್ಡ ಚೂರುಗಳನ್ನು ಕಡ್ಡಿಯಲ್ಲಿ ಎತ್ತಿ ಬಿಸಾಕಿ, ಉಳಿದಿದ್ದನ್ನು ಹಾಗೇ ಟ್ಯಾಂಕಿಗೆ ಸುರಿದೆ.

ಸಂಜೆ ಆಟೋ ಕೆ.ಆರ್. ಪುರದ ಸೇತುವೆ ಮೇಲೆ ನಿಂತುಹೋಯಿತು. ಅಪ್ಪ ಮನೆವರೆಗೂ ತಳ್ಳಿಕೊಂಡೇ ಬಂದ.

"ಯಾವಳೇ ಸೋಸಿದ್ದು?"

ನಾನು ಅಕ್ಕನ ಕಡೆ ಬೆರಳು ಮಾಡಿದೆ.

"ನಾನಲ್ಲಪ್ಪಾ," ಅಂದಳು ಅಕ್ಕ.

"ಬಾಯಿ ಮುಚ್ಚು. ಏನ್ ಗಲೀಜು ತುಂಬಿದೀಯ ನೋಡು. ಕೈಯಲ್ಲೇ ಬಾಚು."

ಟ್ಯಾಂಕಿನಿಂದ ಬಸಿದ ಕೊಳಕನ್ನು ಅವಳು ಬರಿಗೈಯಲ್ಲಿ ಬಾಚಿದಳು. ಮೊಣಕೈವರೆಗೂ ಕಪ್ಪು ಜಿಡ್ಡು. ಮಧ್ಯೆ ವಾಂತಿ ಮಾಡಿಕೊಂಡಳು, ಮತ್ತೆ ಬಾಚಿದಳು. ನಾನು ಮೂಗು ಮುಚ್ಚಿಕೊಂಡು ನೋಡುತ್ತಾ ನಿಂತಿದ್ದೆ.

ಹೋದ ವಾರ ಬಾಣಸವಾಡಿಯ ಅವಳ ಮನೆಗೆ ಹೋಗಿ, ಕೂರುವ ಮೊದಲೇ ಹೇಳಿಬಿಟ್ಟೆ: "ಅಕ್ಕಾ, ಅವತ್ತು ಸೋಸದೆ ಸುರಿದವಳು ನಾನು. ನಿನ್ನ ತೋರಿಸಿದ್ದೂ ನಾನೇ. ತಪ್ಪಾಯ್ತು ಕಣಕ್ಕಾ."