ರಷ್ಯಾದ ಪ್ಲೇಟು, ಬೇವೂರಿನ ಜೋಳ

"ಇದಕ್ಕ ಕಾಳು ಬೀಳತಾವೇನೋ ತಾಹೇರ? ಅಷ್ಟು ಹೇಳಿಬಿಡು ನನಗ," ಎಂದು ಅಬ್ದುಲಸಾಬ ಮತ್ತೆ ಕೇಳಿದ.

ತಾಹೇರ ಬೇವೂರಿನ ಹುಲಗೆಮ್ಮನ ಪಡಸಾಲೆಯಲ್ಲಿ ಕೂತು ಹಳೆಯ ರೆಕಾರ್ಡ್ ಪ್ಲೇಯರಿನ ವಯರನ್ನು ಪ್ಲಗ್ಗಿಗೆ ಸಿಕ್ಕಿಸುತ್ತಿದ್ದ. ಕುಷ್ಟಗಿಯ ಬ್ಯಾಂಡ್ ಕಂಪನಿಯಲ್ಲಿ ಅವನು ಕ್ಲಾರಿನೆಟ್ ಊದುವವನು. ಸೋದರಮಾವ ಅಬ್ದುಲಸಾಬ ಬ್ಯಾಂಡಿನ ಮಾಸ್ತರ. ನಾಡಿದ್ದು ಹುಲಗೆಮ್ಮನ ಮಗಳ ಮದುವೆ. ತಾಳಿ ಕಟ್ಟುವ ಹೊತ್ತಿಗೆ ತಾನು ತಂದ ಈ ರೆಕಾರ್ಡ್ ಪ್ಲೇಟಿನ ರಾಗ ನುಡಿಸಬೇಕೆಂಬುದು ತಾಹೇರನ ಆಸೆ. ಮಾವನ ಕಣ್ಣು ತಪ್ಪಿಸಿ ಬ್ಯಾಂಡಿನವರಿಗೆಲ್ಲ ಅದನ್ನು ಕಲಿಸಿಯೂ ಇಟ್ಟಿದ್ದ. ಮಾವನಿಗೆ ಗೊತ್ತಾಗಿ ರಂಪವಾಗಿ, ಕೊನೆಗೆ ಒಂದು ಷರತ್ತಿಗೆ ಬಂದು ನಿಂತಿತ್ತು: ಮದುಮಗಳ ತಾಯಿ ಹೂಂ ಅಂದರೆ ನುಡಿಸು, ಉಹೂಂ ಅಂದರೆ ಪ್ಲೇಟನ್ನು ಪೆಟ್ಟಿಗೆಗೆ ಹಾಕು, ಆಮೇಲೆ ಅದರ ಸುದ್ದಿ ನನ್ನ ಮುಂದೆ ಎತ್ತಬೇಡ.

ಪ್ಲೇಟು ತಾಹೇರನ ಅಜ್ಜನದು. ಹಿಂದೊಮ್ಮೆ ಕೊಪ್ಪಳಕ್ಕೆ ರಷ್ಯಾದ ಪುಸ್ತಕಗಳ ವ್ಯಾನು ಬಂದಾಗ, ಓದಲು ಬಾರದ ಅಜ್ಜ ಪುಸ್ತಕಗಳನ್ನೆಲ್ಲ ಬಿಟ್ಟು ಇದೊಂದನ್ನು ಬಗಲಲ್ಲಿ ಇಟ್ಟುಕೊಂಡು ಬಂದಿದ್ದನಂತೆ. ಅದರ ರಟ್ಟಿನ ಹೊದಿಕೆಯ ಮೇಲಿನ ಅಕ್ಷರ ಮನೆಯಲ್ಲಿ ಯಾರಿಗೂ ಬಾರದು. ಗೊತ್ತಾಗುವುದು ೧೯೬೧ ಎಂಬ ಅಂಕಿ ಮಾತ್ರ. ಚಿತ್ರದಲ್ಲಿ ಕರಿ ಕೋಟಿನ ಬೋಳುತಲೆಯವನೊಬ್ಬ ಕಡ್ಡಿ ಹಿಡಿದ ಕೈಯನ್ನು ಮೇಲೆತ್ತಿ ನಿಂತಿದ್ದ. ಅವನ ಮುಂದೆ ಪಿಟೀಲು, ತುತ್ತೂರಿ, ನಗಾರಿಗಳ ದೊಡ್ಡ ಹಿಂಡು.

ಹುಲಗೆಮ್ಮ ಪರಾತದ ತುಂಬ ಜೋಳ ಸುರುವಿಕೊಂಡು, ಮದುಮಕ್ಕಳ ಮೇಲೆ ಅಕ್ಷತೆಯಾಗಿ ಒಗೆಯುವ ಅಕ್ಕಿಕಾಳಿಗೆಂದು ಅರಿಷಿಣ ಕಲಸುತ್ತಿದ್ದಳು. ಕೈ ನಿಲ್ಲಿಸದೆಯೇ ಚಿತ್ರದ ಕಡೆ ಕತ್ತು ಚಾಚಿದಳು.

"ಈ ಬೋಳತಲಿಯಾವ ಏನು ಬಾರಸ್ತಾನೋ ತಮ್ಮಾ?"

"ಏನೂ ಬಾರಸಂಗಿಲ್ಲರಿ ಅಕ್ಕಾರ. ಬರೇ ಕೈ ಮಾಡತಾನ."

"ಹಂಗಾರ ನಮ್ಮನಿಯವರ ಗತೇನ ಬಿಡು. ಮುಂಜಾನಿಂದ ಹಂದರದಾಗ ನಿಂತು ಅವರೂ ಬರೇ ಕೈ ಮಾಡಾಕತ್ಯಾರ."

ಅಬ್ದುಲಸಾಬನಿಗೆ ನಗು ಬರಲಿಲ್ಲ. "ನೋಡವಾ ತಂಗಿ, ಹಿಂದ ನಿಂತ ಮಂದಿಗೆ ತಾಳಿ ಎಲ್ಲಿ ಕಾಣತೈತಿ? ನಮ್ಮ ಬಾಜಾ ಏರಿದ ಕೂಡ್ಲೆ ಕಾಳು ಒಗೀತಾರ. ಕಾಳು ಬೀಳಸಲಾರದ್ದು ಬಾಜಾನ ಅಲ್ಲ. ಹೋದ ವರ್ಷ ಇರಕಲ್ಲಗಡದಾಗ ಈ ನನ್ನ ಅಳಿಯಾ ಏನೋ ಮೆತ್ತಗ ಊದಿದ. ಮಂದಿ ಮುಟಿಗ್ಯಾಗ ಕಾಳು ಹಿಡಕೊಂಡ ಊಟಕ್ಕ ಹೋಗಿ ಕುಂತ್ರು!"

ತಾಹೇರ ತಲೆ ತಗ್ಗಿಸಿ ಪ್ಲೇಟಿನ ಮೇಲೆ ಮುಳ್ಳು ಇಟ್ಟ. ಮೊದಲು ಬರೀ ಚಟಪಟ.

"ಒಗ್ಗರಣಿ ಛಲೋ ಬಿತ್ತು," ಎಂದಳು ಹುಲಗೆಮ್ಮ.

ಅನಂತರ ಪಿಟೀಲುಗಳು ಎಲ್ಲೋ ಆಳದಿಂದ ಮೆಲ್ಲಗೆ ಎದ್ದವು. ಅವುಗಳ ನಡುವಿನಿಂದ ಕ್ಲಾರಿನೆಟ್ಟೊಂದು ಒಂಟಿಯಾಗಿ ರಾಗ ಎತ್ತಿತು. ತಾಹೇರನ ಬೆರಳು ತೊಡೆಯ ಮೇಲೆ ತಾವಾಗಿಯೇ ಆಡತೊಡಗಿದವು. ಕಾಣದ ದೇಶದಲ್ಲಿ ತನ್ನಂಥವನೇ ಒಬ್ಬ, ಅಷ್ಟು ದೊಡ್ಡ ಹಿಂಡಿನ ಮಧ್ಯೆ ಎದೆ ಗಟ್ಟಿ ಮಾಡಿಕೊಂಡು ಊದುತ್ತಿದ್ದಾನೆ. ಅವನು ಉಸಿರು ಎಳೆದುಕೊಳ್ಳುವ ಜಾಗ ಕೂಡ ತಾಹೇರನಿಗೆ ಗೊತ್ತು.

ಹುಲಗೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಛಲೋ ಐತಿ ತಮ್ಮಾ, ಇಲ್ಲನ್ನಂಗಿಲ್ಲ. ಖರೆ, ಇದು ಮಗಳನ್ನ ಗಂಡನ ಮನಿಗೆ ಕಳಸೂಮುಂದ ಬಾರಸೂವಂಗ ಐತಿ. ತಾಳಿ ಕಟ್ಟೂಮುಂದನ ನಾ ಅಳಾಕ ಕುಂತ್ರ ಬೀಗರು ಏನಂದಾರು?"

"ಆತಲ್ಲ? ತಗಿ ಮುಳ್ಳ," ಎಂದು ಅಬ್ದುಲಸಾಬ ಮೀಸೆಯಲ್ಲೇ ನಕ್ಕ.

"ಮಾಮಾ, ಇನ್ನೊಂದೀಟು ತಡೀರಿ. ಏರೋದು ಈಗ ಬರತೈತಿ."

ಏರುವ ಬದಲು ಅದು ಮತ್ತಷ್ಟು ಇಳಿಯಿತು. ಇಳಿದು ಇಳಿದು, ನಿಂತೇ ಹೋಯಿತೇನೋ ಅನ್ನುವಷ್ಟು ಸಣ್ಣಗಾಯಿತು. ಆ ಮೌನದೊಳಗೆ ಯಾರೋ ಖೊಕ್ ಖೊಕ್ ಎಂದು ಕೆಮ್ಮಿದರು.

ಹುಲಗೆಮ್ಮನ ಕೈ ಕಾಳಿನಲ್ಲೇ ನಿಂತಿತು. "ಅಯ್ಯ! ಪ್ಲೇಟಿನಾಗ ಯಾರೋ ಕೆಮ್ಮಿದ್ರಲ್ಲ!"

"ಕೇಳಾಕ ಬಂದ ಮಂದಿರಿ. ಮಂದಿ ಮುಂದನ ಬಾರಿಸಿ ತುಂಬ್ಯಾರ."

"ಹಂಗಾರ ಅಲ್ಲೂ ಮುದುಕರು ಬಂದಾರಂತಾತು. ಪಾಪ, ಯಾರರೆ ಒಂದೀಟು ನೀರು ಕೊಟ್ರೋ ಇಲ್ಲೋ." ಇನ್ನೊಂದು ಕೆಮ್ಮು ಬಂದೀತೆಂದು ಅವಳು ಪ್ಲೇಯರಿನ ಕಡೆ ಬಾಗಿ ಕಿವಿಯಿಟ್ಟಳು. ಕಾಳಿನಲ್ಲಿದ್ದ ಕೈ ಹಾಗೇ ಮುಷ್ಟಿಯಾಗಿತ್ತು.

ಕೆಮ್ಮು ಬರಲಿಲ್ಲ. ನಗಾರಿ ಬಂತು. ಅದರ ಬೆನ್ನಿಗೆ ಪಿಟೀಲು, ಪಿಟೀಲಿನ ಹೆಗಲ ಮೇಲೆ ತುತ್ತೂರಿಗಳು. ಆಗ ಒಂಟಿಯಾಗಿ ಊದಿದ್ದ ಅದೇ ರಾಗ ಈಗ ಊರಿಗೆ ಊರನ್ನೇ ಎಬ್ಬಿಸಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಏರಿತು, ಏರಿ ತುದಿ ಮುಟ್ಟಿತು. ಹುಲಗೆಮ್ಮನ ಕೈ ಮೇಲೆದ್ದು ಬಿಚ್ಚಿಕೊಂಡಿತು. ಹಳದಿ ಜೋಳ ಅಬ್ದುಲಸಾಬನ ಬಿಳಿ ಟೋಪಿಯ ಮೇಲೆ, ಹೆಗಲ ಮೇಲೆ, ತಿರುಗುತ್ತಿದ್ದ ಪ್ಲೇಟಿನ ಮೇಲೆ ಸುರಿಯಿತು.

"ಅಯ್ಯ ಶಿವನ! ನಾ ಒಗೀಲಿಲ್ಲೋ ಅಣ್ಣಾ, ಕೈ ತಾನ ಒಗೀತು!" ಎಂದು ಅವಳು ಬಾಯಿ ಮುಚ್ಚಿಕೊಂಡಳು. ಮೀಸೆಯಿಲ್ಲದ ತುಟಿಯ ಮೇಲೆ ಅರಿಷಿಣದ ಮೀಸೆ ಮೂಡಿತು.

ಕಾಳೊಂದು ಅಡ್ಡ ಸಿಕ್ಕಿ ಮುಳ್ಳು ಠಣ್ಣನೆ ಹಿಂದಕ್ಕೆ ಹಾರಿತ್ತು. ಮತ್ತೆ ಅದೇ ಕೆಮ್ಮು. ಅಜ್ಜನ ಪ್ಲೇಟು ಹಾಳಾದೀತೆಂದು ತಾಹೇರ ಮುಳ್ಳು ಎತ್ತಲು ಹೋದರೆ, ಮಾವ ಅವನ ಕೈ ಹಿಡಿದ.

"ಇರಲಿ ಬಿಡೋ. ನಾಡದ್ದ ಇದನ್ನ ಬಾರಸೂಣು." ಟೋಪಿಯ ಮೇಲಿನ ಕಾಳನ್ನು ಕೊಡವದೆಯೇ ಅಬ್ದುಲಸಾಬ ಪರಾತಕ್ಕೆ ಕೈ ಹಾಕಿ ಒಂದು ಹಿಡಿ ಜೋಳ ತೆಗೆದುಕೊಂಡ. "ಹುಟ್ಟಿದಾಗಿಂದ ಮಂದಿ ಲಗ್ನದಾಗ ಅದೇನಿ. ಕೈಯಾಗ ತುತ್ತೂರಿ, ಕಾಳು ಎಲ್ಲಿಂದ ಒಗೀಲಿ? ಒಮ್ಮೆನೂ ಒಗದಿಲ್ಲ ನೋಡವಾ."

ನಗಾರಿ ಬಂತು. ಅಬ್ದುಲಸಾಬ ಎದ್ದು, ರಟ್ಟಿನ ಮೇಲಿನ ಬೋಳುತಲೆಯವನ ಹಾಗೆಯೇ ಕೈ ಮೇಲೆತ್ತಿ, ರಾಗ ಏರುವುದನ್ನೇ ಕಾಯುತ್ತ ನಿಂತ.