ಮೂರನೆಯ ಭರಣಿ

ಜ್ವರ ಬಿಟ್ಟು ಹತ್ತು ದಿನವಾದರೂ ದಮಯಂತಿಯ ಮೂಗಿಗೆ ವಾಸನೆ, ನಾಲಗೆಗೆ ರುಚಿ ಮರಳಿರಲಿಲ್ಲ. ಮೊದಲನೆಯ ಭರಣಿಯ ಬಾಯಿಬಟ್ಟೆ ಬಿಚ್ಚಿ, ಸೌಟಿನಲ್ಲಿ ಒಂದು ಗುಟುಕು ನೇರಳೆ ವೈನ್ ತೆಗೆದು ಕುಡಿದಳು. ನೀರು ಕುಡಿದಂತಾಯಿತು. ಇನ್ನೊಂದು ಗುಟುಕು ಕುಡಿದಳು. ಅದೂ ನೀರೇ.

ವೈನ್ ಬಾಟಲಿಗಳನ್ನು ಒಯ್ಯಲು ಮಡಿಕೇರಿಯ ಹೋಮ್‌ಸ್ಟೇಯ ಜೀಪು ಹನ್ನೊಂದಕ್ಕೆ ಸಂಪಾಜೆಯ ಅವಳ ಮನೆಗೆ ಬರುವುದಿತ್ತು. ನೇರಳೆ, ಶುಂಠಿ, ಪ್ಯಾಶನ್ ಫ್ರೂಟ್ ಮೂರೂ ಅವಳ ತೋಟದ್ದೇ. ಸಕ್ಕರೆಯೊಂದು ಬಿಟ್ಟರೆ ಅಂಗಡಿಯದೇನೂ ಭರಣಿಗೆ ಬೀಳುತ್ತಿರಲಿಲ್ಲ. ಹಾಗಾಗಿಯೇ ಒಂದು ಭರಣಿಯಂತೆ ಇನ್ನೊಂದು ಇರುತ್ತಿರಲಿಲ್ಲ, ಒಮ್ಮೊಮ್ಮೆ ಕೆಡುವುದೂ ಉಂಟು. ಬಾಯಿಗೆ ಹಾಕಿ ನೋಡದೆ ಅವಳು ಈವರೆಗೆ ಒಂದು ಬಾಟಲಿಯನ್ನೂ ತುಂಬಿದವಳಲ್ಲ. ಮಗ ಶಶಿಧರನಿದ್ದಿದ್ದರೆ ಅವನೇ ನೋಡುತ್ತಿದ್ದ. ಅವನು ಬಾಣಂತಿ ಹೆಂಡತಿಯನ್ನು ನೋಡಲು ಸುಳ್ಯಕ್ಕೆ ಹೋಗಿದ್ದ.

"ನಾನು ನೋಡಲಾ?" ಬಾಗಿಲಲ್ಲಿ ಗಂಡ ಸಾಂತಪ್ಪ ನಿಂತಿದ್ದ.

ಅವನು ಕುಡಿತ ಬಿಟ್ಟು ಹನ್ನೊಂದು ವರ್ಷವಾಗಿತ್ತು. ಬಿಟ್ಟ ಮೂರನೆಯ ವರ್ಷ ದಮಯಂತಿ ಈ ಕೆಲಸ ಶುರುಮಾಡಲೋ ಬೇಡವೋ ಎಂದು ಹಿಂದೆಮುಂದೆ ನೋಡುತ್ತಿದ್ದಾಗ, "ನಂಗೀಗ ಅದರ ನೆನಪೇ ಇಲ್ಲ, ನೀನು ಧೈರ್ಯವಾಗಿ ಮಾಡು" ಎಂದವನು ಅವನೇ. ಅವಳು ನಂಬಿದ್ದಳು.

"ಬಾಯಿಗೆ ಹಾಕುವುದು ಬೇಡ," ಎಂದಳು.

"ಇಲ್ಲ ಮಾರಾಯ್ತಿ. ಮೂಗಲ್ಲೇ ನೋಡ್ತೇನೆ."

ಸಾಂತಪ್ಪ ನೇರಳೆಯ ಭರಣಿಗೆ ಬಗ್ಗಿದ. "ಇದು ಲಾಯ್ಕುಂಟು, ತುಂಬು." ಶುಂಠಿಯದಕ್ಕೆ ಬಗ್ಗಿದ. "ಖಾರ ಸ್ವಲ್ಪ ಜಾಸ್ತಿ. ಆದ್ರೂ ಅಡ್ಡಿಯಿಲ್ಲ." ಮೂರನೆಯದು ಪ್ಯಾಶನ್ ಫ್ರೂಟ್. ಅದಕ್ಕೆ ಬಗ್ಗಿದವನು ಏಳಲಿಲ್ಲ. ಕಣ್ಣು ಮುಚ್ಚಿತ್ತು. ಭರಣಿಯ ಅಂಚು ಹಿಡಿದ ಬೆರಳುಗಳು ಬಿಳಚಿಕೊಂಡಿದ್ದವು.

"ಎಂತ, ಹುಳಿ ಬಂದಿದೆಯಾ?"

"ಗೊತ್ತಾಗುವುದಿಲ್ಲ. ಈ ಹಣ್ಣಿನ ವಾಸನೆಯೇ ಹುಳಿ. ನಾಲಗೆಯಲ್ಲೇ ನೋಡ್ಬೇಕು."

ಜೀಪಿನ ಯೋಚನೆಯಲ್ಲೇ ಇದ್ದ ದಮಯಂತಿ ಸೌಟು ಅದ್ದಿ, ತನಗರಿವಿಲ್ಲದೆ ಅವನತ್ತ ಚಾಚಿದಳು. ಸಾಂತಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಬೇಡ. ಪಕ್ಕದ ಮನೆ ಸೋಮಯ್ಯನ್ನ ಕರಿ."

"ಒಂದೇ ಹನಿ..."

"ನಂಗೆ ಒಂದು ಹನಿ ಅಂತ ಇಲ್ಲ, ದಮಯಂತಿ." ಅವನ ದನಿ ಏರಲಿಲ್ಲ. "ಎಂಟು ವರ್ಷದಿಂದ ಈ ಕೋಣೆ ದಾಟುವಾಗ ಉಸಿರು ಕಟ್ಟಿಕೊಂಡೇ ದಾಟ್ತೇನೆ. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗುವಾಗಲೂ."

ಸೌಟಿನಿಂದ ವೈನ್ ಅವಳ ಪಾದದ ಮೇಲೆ ತೊಟ್ಟಿಕ್ಕಿತು.

"ಮತ್ತೆ ನೆನಪೇ ಇಲ್ಲ ಅಂದಿರಲ್ಲ?"

"ಹಾಗೆ ಹೇಳದಿದ್ರೆ ನೀನು ಶುರು ಮಾಡ್ತಿದ್ದೆಯಾ?"

ಅವಳು ಸೌಟಿನಲ್ಲಿದ್ದುದನ್ನು ಭರಣಿಗೆ ಸುರಿದು ಬಟ್ಟೆ ಕಟ್ಟಿದಳು. ಸೋಮಯ್ಯನನ್ನು ಕರೆಯಲಿಲ್ಲ. ಜೀಪು ಬಂದಾಗ ನೇರಳೆ ಮತ್ತು ಶುಂಠಿಯ ಬಾಟಲಿಗಳನ್ನಷ್ಟೇ ಏರಿಸಿ, ಮೂರನೆಯದು ಈ ಸಲ ಇಲ್ಲವೆಂದಳು. ಡ್ರೈವರ್ ಗೊಣಗಿಕೊಂಡೇ ಹೋದ.

ಊಟ ಮಾಡಿ ಮಲಗಿದ್ದ ಸಾಂತಪ್ಪನಿಗೆ ಹಿತ್ತಲಲ್ಲಿ ಕಸಬರಿಗೆಯ ಸದ್ದು ಕೇಳಿಸಿತು. ಎದ್ದು ಹೋಗಿ ನೋಡಿದರೆ, ದಮಯಂತಿ ಸೀರೆ ಎತ್ತಿಕಟ್ಟಿ ಹಳೇ ಸೌದೆಕೊಟ್ಟಿಗೆ ಗುಡಿಸುತ್ತಿದ್ದಳು. ನೇರಳೆಯ ಖಾಲಿ ಭರಣಿ ಆಗಲೇ ಅಲ್ಲಿಗೆ ಬಂದಿತ್ತು.

"ನಿಂಗೆ ಮರುಳಾ? ಇಲ್ಲಿ ಸಂಜೆವರೆಗೂ ಬಿಸಿಲು. ವೈನೆಲ್ಲ ಹುಳಿ ಬರ್ತದೆ."

ದಮಯಂತಿ ತಲೆಯೆತ್ತಲಿಲ್ಲ. ಮೂಲೆಯ ಕಸವನ್ನು ಹೊರಗೆ ದೂಡುತ್ತಲೇ ಹೇಳಿದಳು:

"ಬಂದರೆ ಬರಲಿ. ನೀವು ಉಸಿರಾಡಿ."